ಎಮ್ಮೆ, ಊಟ, ಹೆಡ್ಡಿ ದಾಟಿ ರೋಸ್ವಿತಾ: ಮಗಳಿಗೆ ಹಳೇ ಜರ್ಮನ್ ಹೆಸರಿಟ್ಟ ನನ್ನ ಅನುಭವ

ಜನವರಿಯಲ್ಲಿ ಶಿವಮೊಗ್ಗಕ್ಕೆ ಹೋಗಿದ್ದಾಗ ಪಕ್ಕದ ಮನೆ ಆಂಟಿ ಮಗಳನ್ನು ಎತ್ತಿಕೊಂಡು, "ರೋಸ್ವಿತಾ! ಎಷ್ಟು ಚೆಂದದ ಹೆಸರು. ಆದ್ರೆ ಏನೋ ಜರ್ಮನ್ ಹೆಸರು ಇಡ್ತಾರೆ ಅಂತ ನಿಮ್ಮಮ್ಮ ಗೋಳಾಡ್ತಿದ್ರಲ್ಲ?" ಅಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ಸುಮ್ನೆ ಕಾಫಿ ಕುಡಿದೆ. ಒಂದು ವರ್ಷದಿಂದ ಕಾದಿದ್ದೆ ಈ ಮಾತಿಗೆ.

ನಮ್ಮದು ಅರ್ಧ ಮಲೆನಾಡು, ಅರ್ಧ ನಾವೀಗ ಇರುವ ಜರ್ಮನಿಯ ಗೋಟಿಂಗೆನ್. ನಮ್ಮಂಥ ಮನೆಗಳಲ್ಲಿ ಮಾಯಾ, ತಾರಾ, ನೀನಾ ಅಂತ ಇಟ್ಟು ಕೈ ತೊಳೆದುಕೊಳ್ಳುವುದು ರೂಢಿ. ಎರಡೂ ಕಡೆ ನಡೆಯುತ್ತೆ, ಜಗಳ ಇಲ್ಲ. ನನ್ನ ಗಂಡ ಅದಕ್ಕೆ ಒಪ್ಪಲಿಲ್ಲ. ಸರ್‌ನೇಮ್ ಜಾಗದಲ್ಲಿ ಮಗಳಿಗೆ ನಮ್ಮಪ್ಪನ ಹೆಸರು ಬರುತ್ತದೆ, ಹಾಗಾಗಿ ಮುಂದಿನ ಹೆಸರಾದರೂ ತನ್ನ ಕಡೆಯದಿರಲಿ, ಅದೂ ಹಳೇದು, ಅಜ್ಜಿ ಕಾಲದ್ದು ಅಂತ. ನ್ಯಾಯವೇ ಅನ್ನಿಸಿತು. ಹೂಂ ಅಂದೆ. ಅಲ್ಲಿಂದ ಶುರುವಾಯಿತು ನೋಡಿ.

ಮೊದಲ ಹೆಸರು ಎಮ್ಮಾ. 1900ರ ಸುಮಾರಿಗೆ ಇಲ್ಲಿ ಮನೆಮನೆಯಲ್ಲಿದ್ದ ಹೆಸರು, ಈಗ ಮತ್ತೆ ಎಲ್ಲ ಕಡೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಎರಡು ಸೆಕೆಂಡ್ ಮೌನ. "ಎಮ್ಮೆ ಅಂತ ಹೆಸರಿಡ್ತೀಯೇನೇ ಮಗೂಗೆ?" ಅಲ್ಲಿಗೆ ಮುಗಿಯಿತು. ಎಲ್ಲಾ ಅನ್ನೋ ಹೆಸರು ಕನ್ನಡದಲ್ಲಿ ಬರೀ ಎಲ್ಲ. ಊಟಾ ಅಂತ ಒಂದಿದೆ, ನಾವುಂಬರ್ಗ್ ಚರ್ಚಿನಲ್ಲಿ ಆ ಹೆಸರಿನ ರಾಣಿಯಂಥ ಕಲ್ಲಿನ ಮೂರ್ತಿಯಿದೆ, ನನಗೆ ತುಂಬಾ ಇಷ್ಟ. ಆದರೆ "ಊಟಾ, ಊಟಕ್ಕೆ ಬಾ" ಅಂತ ಎಷ್ಟು ವರ್ಷ ಕರೆಯಲಿ? ಹೆಡ್ವಿಗ್ ಘನವಾದ ಹೆಸರು, ಹಿಂದಿನ ತುಂಡಿಗೂ ಯುದ್ಧ, ಮುಂದಿನ ತುಂಡಿಗೂ ಯುದ್ಧ ಅಂತ ಅರ್ಥ. ಮುದ್ದಿನಿಂದ ಹೆಡ್ಡಿ ಅಂತ ಕರೀತಾರೆ. ಅಪ್ಪ ಬಿದ್ದು ಬಿದ್ದು ನಕ್ಕರು. ಅಂಕೆ ಅನ್ನೋ ಹೆಸರು ಕೇಳಿದರೆ ಲೆಕ್ಕದ ಅಂಕೆ. ಮತಿಲ್ಡಾ ಒಂದು ವಾರ ಉಳಿದಿತ್ತು. ಆಮೇಲೆ ತಮ್ಮ "ಮತಿ ಇಲ್ದಾ?" ಅಂತ ಮೆಸೇಜ್ ಹಾಕಿದ.

ಇಲ್ಲಿ ನನ್ನ ಮೊದಲ ದೊಡ್ಡ ತಪ್ಪು. ಫ್ರೀಡಾ ಪಕ್ಕಾ ಆಯಿತು ಅಂದುಕೊಂಡು ಏಳನೇ ತಿಂಗಳಲ್ಲೇ ಮರದ ಅಕ್ಷರಗಳ ರೈಲು ತಂದೆ. ಮಕ್ಕಳ ಕೋಣೆಯಲ್ಲಿ ಜೋಡಿಸಿಡುತ್ತಾರಲ್ಲ, ಒಂದೊಂದು ಬೋಗಿ ಒಂದೊಂದು ಅಕ್ಷರ, ಅದು. ಅಕ್ಷರಕ್ಕೆ ಸುಮಾರು 3 ಯೂರೋ, ಇಂಜಿನ್ನಿಗೆ ಬೇರೆ. ಹತ್ತು ದಿನಕ್ಕೆ ಗಂಡನ ಚಿಕ್ಕಪ್ಪನ ಮಗಳಿಗೆ ಹೆರಿಗೆಯಾಯಿತು. ಹೆಸರೇನು? ಫ್ರೀಡಾ. ಈಗ ಕೀಟಾಗಳಲ್ಲಿ, ಅಂದರೆ ಇಲ್ಲಿನ ಶಿಶುವಿಹಾರಗಳಲ್ಲಿ, ಫ್ರೀಡಾ, ಈಡಾ, ಎಮ್ಮಾ ಎಲ್ಲಿ ಕಲ್ಲೆಸೆದರೂ ಬೀಳುತ್ತಾರೆ, ನಾನು ಮುಂಚೆಯೇ ಯೋಚಿಸಬೇಕಿತ್ತು.

ಮಧ್ಯೆ ಸ್ವಲ್ಪ ದಾರಿ ತಪ್ಪಿದ್ದೂ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಒಬ್ಬ ಸಂಖ್ಯಾಶಾಸ್ತ್ರದವರಿಗೆ ಸುಮಾರು 2,500 ರೂಪಾಯಿ ಕೊಟ್ಟೆ. ಯಾವ ಹೆಸರು ಕೊಟ್ಟರೂ "ಇನ್ನೊಂದು ಎ ಸೇರಿಸಿ" ಅನ್ನೋರು. ಇಲ್ಲೂ ದುಡ್ಡು ತಗೊಂಡು ಹೆಸರಿನ ಸಲಹೆ ಕೊಡುವವರಿದ್ದಾರೆ. ಸುಮಾರು 30 ಯೂರೋ ಹೋಯಿತು. ಅವರು ಹೇಳಿದ್ದು ಫ್ರೀಡಾ!

ಬೇಕರಿಯಲ್ಲೂ ಪ್ರಯೋಗ ಮಾಡಿದೆ. ಶನಿವಾರದ ಬ್ರೆಡ್ಡಿಗೆ ಫೋನಿನಲ್ಲಿ ಆರ್ಡರ್ ಕೊಡುವಾಗ ಪ್ರತಿ ವಾರ ಒಂದೊಂದು ಹೆಸರು ಹೇಳುವುದು. ಗುಡ್ರುನ್ ಅಂದ ವಾರ ಕೌಂಟರಿನ ಹುಡುಗಿ ನನ್ನನ್ನು ನೋಡಿ, ನನ್ನ ಹಿಂದೆ ಯಾರಾದರೂ ಮುದುಕಿ ಇದ್ದಾರಾ ಅಂತ ಕತ್ತು ಚಾಚಿ ಹುಡುಕಿದಳು.

ಆಮೇಲೆ ಹೊಳೆದದ್ದು ಸರಳ. ನಾವು ಜರ್ಮನ್ ಪಟ್ಟಿ ಹಿಡಿದುಕೊಂಡು ಕನ್ನಡದಲ್ಲಿ ಏನು ಕೆಡುತ್ತೆ ಅಂತ ನೋಡುತ್ತಿದ್ದೆವು. ತಿರುಗಿಸಿದೆ. ಅಮ್ಮನ ಬಾಯಿಗೆ ತಾನಾಗಿ ಕೂರುವ ಹೆಸರು ಯಾವುದು? ನಲವತ್ತು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಹೇಗೆ ಓದಬೇಕು ಅಂತ ಹೇಳಲಿಲ್ಲ, ಅದು ಮುಖ್ಯ. ಅಮ್ಮ ಒಂದೊಂದನ್ನೇ ಓದಿ ವಾಯ್ಸ್ ಮೆಸೇಜ್ ಕಳಿಸಿದಳು. ಇರ್ಮ್‌ಗಾರ್ಡ್ ಬಂದಾಗ "ಇದೇನು ರೈಲ್ವೆ ಗಾರ್ಡಾ?" ಅಂದಳು. ವಾಲ್‌ಬುರ್ಗಾ ಬಂದಾಗ ನಿಟ್ಟುಸಿರು. ಮೂವತ್ತರ ಹತ್ತಿರ ಎಲ್ಲೋ ಒಂದು ಕಡೆ ಎಡವದೆ, ನಿಲ್ಲದೆ, "ರೋಸ್ವಿತಾ" ಅಂತ ಓದಿ ಮುಂದೆ ಹೋದಳು.

ಗುಟ್ಟು ಇರುವುದು ಟಿ-ಎಚ್ ಎರಡಕ್ಷರದಲ್ಲಿ. ಜರ್ಮನ್ನರು ಅದನ್ನು ಟ ಅಂತ ಓದಿ "ರೋಸ್‌ವೀಟಾ" ಅನ್ನುತ್ತಾರೆ. ನಾವು ಕವಿತಾ, ಸವಿತಾ, ಮಮತಾ ಬರೆಯುವಾಗ ಅದೇ ಟಿ-ಎಚ್ ಹಾಕಿ ತ ಅನ್ನುತ್ತೇವೆ. ಕಾಗದದ ಮೇಲೆ ಒಂದೇ, ಎರಡೂ ಊರಿನಲ್ಲಿ ಅವರವರದ್ದು. ಇದು ಸಿಕ್ಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಅತ್ತೆ ಕೆಂಡವಾದರು. ಅಮ್ಮನಿಗಿಂತ ಇವರದೇ ಕಷ್ಟವಾಯಿತು. ಮುತ್ತಜ್ಜಿ ಕಾಲದ ಹೆಸರು ಇಲ್ಲಿಯವರಿಗೆ ಚೆಂದ, ಎಮ್ಮಾ, ಈಡಾ ಎಲ್ಲ ಹಾಗೇ ವಾಪಸ್ ಬಂದವು. ರೋಸ್ವಿತಾ ಅವರ ಸ್ವಂತ ವಾರಿಗೆಯ ಹೆಸರು. "ನನ್ನ ಕ್ಲಾಸಿನಲ್ಲೇ ಮೂರು ಜನ ಇದ್ದರು, ಒಬ್ಬಳು ನನ್ನ ಪೆನ್ಸಿಲ್ ಕದ್ದಿದ್ದಳು" ಅಂದರು. ಅರವತ್ತು ವರ್ಷದ ಹಿಂದಿನ ಪೆನ್ಸಿಲ್!

ಗಂಡ ಒಂದು ಭಾನುವಾರ ಅವರನ್ನು, ಎಂಟು ತಿಂಗಳ ಬಸುರಿ ನನ್ನನ್ನು, ಬಾಡ್ ಗಾಂಡರ್ಸ್‌ಹೈಮಿಗೆ ಕರೆದುಕೊಂಡು ಹೋದ. ನಮ್ಮೂರಿಂದ ದೂರವೇನಿಲ್ಲ. ಹತ್ತನೇ ಶತಮಾನದಲ್ಲಿ ಅಲ್ಲಿನ ಮಠದಲ್ಲಿದ್ದ ರೋಸ್ವಿತಾ ಲ್ಯಾಟಿನ್ನಿನಲ್ಲಿ ಆರು ನಾಟಕ ಬರೆದವಳು. ಆ ಕಾಲಕ್ಕೆ ಹೆಂಗಸು ನಾಟಕ ಬರೆಯುವುದು ಅಂದರೆ! ಅವಳು ಸತ್ತು ಐನೂರು ವರ್ಷದ ಮೇಲೆ ಕೊನ್ರಾಡ್ ಚೆಲ್ಟಿಸ್ ಅನ್ನೋ ಪಂಡಿತನಿಗೆ ಹಸ್ತಪ್ರತಿ ಸಿಕ್ಕಿ, 1501ರಲ್ಲಿ ಅಚ್ಚಾಯಿತು. ಹೆಸರಿನ ಹಳೇ ರೂಪ ಹ್ರೋಟ್ಸ್‌ವಿಟ್, ಮೊದಲ ತುಂಡು ಕೀರ್ತಿ, ಎರಡನೆಯದು ಬಲ. ಅವಳೇ ತನ್ನ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ "ಗಾಂಡರ್ಸ್‌ಹೈಮಿನ ಗಟ್ಟಿ ದನಿ" ಅಂತ ಕರೆದುಕೊಂಡಿದ್ದಾಳೆ. ಈಗ ರಾತ್ರಿ ಮೂರು ಗಂಟೆಗೆ ಆ ಮಾತಿನ ಅರ್ಥ ನನಗೆ ಚೆನ್ನಾಗಿ ಆಗುತ್ತಿದೆ.

ಚರ್ಚಿನ ಎರಡು ಗೋಪುರ ನೋಡಿಕೊಂಡು ಅತ್ತೆ ಸುಮಾರು ಹೊತ್ತು ನಿಂತರು. ವಾಪಸ್ ಬರುವಾಗ ಕೇಕ್ ತಿನ್ನುತ್ತಾ ಒಪ್ಪಿದರು. ಕೇಕಿನ ಮುಂದೆ ಕೂತು ನಾನು ಹೇಳಿದ ಒಂದು ಮಾತು ಕೆಲಸ ಮಾಡಿತು. ಅದನ್ನು ಬರೆಯಲ್ಲ, ಅತ್ತೆಗೆ ಕನ್ನಡ ಬರದಿದ್ದರೂ ಫೋನಿನಲ್ಲಿ ಅನುವಾದದ ಆ್ಯಪ್ ಇದೆ.

ಮಗಳು ಹುಟ್ಟಿದ ಮೇಲೆ ಅಪ್ಪ ಪಂಚಾಂಗ ತೆಗೆದರು. ವಿಶಾಖಾ ಎರಡನೇ ಪಾದ, ಅಕ್ಷರ ತು. "ಜರ್ಮನ್ನಲ್ಲಿ ತು ಇಂದ ಇಲ್ವೇನಮ್ಮ?" ಇದೆ, ತುಸ್ನೆಲ್ಡಾ. ರೋಮನ್ನರನ್ನು ಸೋಲಿಸಿದ ಆರ್ಮಿನಿಯಸ್‌ನ ಹೆಂಡತಿ. ಆದರೆ ಅದರಿಂದಲೇ ಬಂದ "ಟುಸ್ಸಿ" ಇಲ್ಲಿ ಹೆಂಗಸರಿಗೆ ಬೈಯುವ ಮಾತು. ಹಾಗಾಗಿ ತು ಅಕ್ಷರದ ಹೆಸರನ್ನು ತೊಟ್ಟಿಲಲ್ಲಿ ಕಿವಿಗೆ ಹೇಳಿದೆವು. ತುಂಗಾ ಅಂತ ಊಹಿಸಿದರೆ ತಪ್ಪು. ಎರಡನೇ ಹೆಸರಾಗಿ ಬರ್ತ್ ಸರ್ಟಿಫಿಕೇಟಿನಲ್ಲೂ ಇದೆ, ಇಲ್ಲಿ ಹೇಳಲ್ಲ.

ಸ್ಟಾಂಡೆಸಾಮ್ಟಿನಲ್ಲಿ, ಅಂದರೆ ಜನನ ನೋಂದಣಿ ಕಚೇರಿಯಲ್ಲಿ, ಆ ಎರಡನೇ ಹೆಸರು ನೋಡಿ, ಇದು ಹುಡುಗಿಯದೇನಾ ಅಂತ ಕೇಳಿದರು. ನನ್ನ ಗಂಡ ಕಾದೇ ಇದ್ದ ಅನ್ನಿಸುತ್ತೆ. ಕಿರಣ್ ಕೇಸ್ ತೆಗೆದ. ಭಾರತದ ಮೂಲದ ಮನೆಯವರು ಮಗಳಿಗೆ ಕಿರಣ್ ಅಂತಿಟ್ಟು, ಗಂಡೋ ಹೆಣ್ಣೋ ಗೊತ್ತಾಗಲ್ಲ ಅಂತ ಕಚೇರಿಯವರು ತಕರಾರು ತೆಗೆದು, ಕೊನೆಗೆ 2008ರಲ್ಲಿ ಇಲ್ಲಿನ ಸಂವಿಧಾನ ಕೋರ್ಟ್ ಮನೆಯವರ ಪರ ನಿಂತಿತು. ನಮ್ಮೆದುರಿಗಿದ್ದವರು ಪಾಪ ಸುಮ್ನೆ ಕೇಳಿದ್ದರು, ಐದು ನಿಮಿಷ ಭಾಷಣ ಕೇಳಬೇಕಾಯಿತು. ನಿಜವಾದ ತೊಂದರೆ ಬೇರೆ ಇತ್ತು. ಆಸ್ಪತ್ರೆಯವರು ಫಾರಂನಲ್ಲಿ ರೋಸ್ವಿತಾದ ಎಚ್ ಬಿಟ್ಟು ಬರೆದಿದ್ದರು. ಜರ್ಮನ್ನರಿಗೆ ಎರಡೂ ಒಂದೇ, ನನಗೆ ಇಡೀ ಆಟವೇ ಆ ಎಚ್ ಮೇಲೆ ನಿಂತಿತ್ತು. ರಿಜಿಸ್ಟರಿಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು, ಬಚಾವ್. ನೀವೂ ಸಹಿ ಹಾಕುವ ಮೊದಲು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ.

ಸರ್ಟಿಫಿಕೇಟ್ ಒಂದಕ್ಕೆ ಸುಮಾರು 15 ಯೂರೋ, ಆರು ತೆಗೆಸಿದೆ, ಮೂರು ಸಾಕಿತ್ತು. ಕಿಂಡರ್‌ಗೆಲ್ಡ್, ಎಲ್ಟರ್ನ್‌ಗೆಲ್ಡ್ ಅನ್ನೋ ಸರ್ಕಾರಿ ಭತ್ಯೆಗಳಿಗೆ ಬೇಕಾದವು ಬಿಟ್ಟಿ ಬರುತ್ತವೆ, ಅವಕ್ಕೂ ದುಡ್ಡು ಕೊಡಬೇಡಿ. ಸಂಖ್ಯಾಶಾಸ್ತ್ರ, ಸಲಹೆ, ಹಳೇ ಹೆಸರಿನ ಪುಸ್ತಕಗಳು, ಗಾಂಡರ್ಸ್‌ಹೈಮಿನ ಕೇಕ್ ಎಲ್ಲ ಸೇರಿ 150 ಯೂರೋ ಒಳಗೇ ಆಗಿರಬೇಕು. ಕೆಲಸಕ್ಕೆ ಬಂದದ್ದು ಅಮ್ಮನ ವಾಯ್ಸ್ ಮೆಸೇಜು, ಅದಕ್ಕೆ ಖರ್ಚೇ ಇಲ್ಲ.

ಮರದ ರೈಲಿನಲ್ಲಿ ಆರ್, ಐ, ಎ ಮೂರು ಬೋಗಿ ಹೊಸ ಹೆಸರಿಗೂ ಆದವು. ಐದು ಹೊಸದಾಗಿ ತಂದೆ. ಎಫ್, ಇ, ಡಿ ಡ್ರಾಯರಿನಲ್ಲಿವೆ, ಬಣ್ಣ ಕೆಟ್ಟಿಲ್ಲ. ಯಾರಾದರೂ ಫ್ರೀಡಾ ಅಂತ ಇಡುವವರಿದ್ದರೆ ಅರ್ಧ ಹೆಸರು ನನ್ನ ಕಡೆಯಿಂದ.