ಧೀಂಗಿಣ ಹಾಕುವ ಕಾಲುಗಳ ನಡುವೆ

ಕುಂಬಳೆಯ ಆಸುಪಾಸಿನಲ್ಲಿ ಫಿಸಿಯೋಥೆರಪಿ ಮಾಡುವವರಿಗೆ ಯಕ್ಷಗಾನದ ಕಾಲುಗಳು ಸಿಗದೆ ಇರುವುದಿಲ್ಲ. ಹೇಳಿಕೇಳಿ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಬಂದವರೆಲ್ಲ ಕೂರುವ ಮೊದಲೇ ಹೇಳಿಬಿಡುತ್ತಾರೆ: “ಡಾಕ್ಟರೇ, ಆಟ ಬಿಡಿ ಎಂದು ಮಾತ್ರ ಹೇಳಬೇಡಿ.” ಆಟವೆಂದರೆ ಇಲ್ಲಿ ಯಕ್ಷಗಾನ. ಸಾಮಾನ್ಯವಾಗಿ ನಾನು ಹೇಳುವುದೂ ಇಲ್ಲ. ಊರೂರು ಸುತ್ತುವ ಮೇಳದ ತಿರುಗಾಟದ ನಡುವೆ, ಚುರುಕಾಗಿ ಕುಣಿಯುವ ಪುಂಡುವೇಷದ ಹುಡುಗನಿಗೆ ತಿಂಗಳ ವಿಶ್ರಾಂತಿ ಬರೆದುಕೊಟ್ಟರೆ ಆ ಚೀಟಿ ಅಂಗಿಯ ಕಿಸೆಯಲ್ಲೇ ಉಳಿಯುತ್ತದೆ. ಅವನು ನೋವಿನ ಮಾತ್ರೆ ನುಂಗಿ ರಂಗಸ್ಥಳಕ್ಕೆ ಹೋಗುತ್ತಾನೆ.

ಅದಕ್ಕೆ ನಾನು ಮೊದಲು ಕುಣಿತವನ್ನೇ ನೋಡುತ್ತೇನೆ. ಗೆಜ್ಜೆ ಬಿಚ್ಚಿಸಿ, ಬರಿಗಾಲಿನಲ್ಲಿ ನಾಲ್ಕಾರು ಧೀಂಗಿಣ, ಅಂದರೆ ಹಾರಿ ತಿರುಗುವ ಜಿಗಿತ, ಹಾಕಿಸುತ್ತೇನೆ. ಗೆಜ್ಜೆಯಿದ್ದರೆ ಪಾದ ನೆಲಕ್ಕೆ ಬೀಳುವ ಸದ್ದು ಕೇಳುವುದಿಲ್ಲ. ಧಪ್ಪೆಂದು ಬಿದ್ದರೆ ಮೊಣಕಾಲು, ಸೊಂಟ ಸಾಕಷ್ಟು ಬಾಗುತ್ತಿಲ್ಲ ಎಂದು ಸಂಶಯ. ಆಮೇಲೆ ಮೊಬೈಲಿನ ನಿಧಾನಗತಿಯ ವಿಡಿಯೋ: ಕೆಳಗಿಳಿದ ಕ್ಷಣದಲ್ಲಿ ಮೊಣಕಾಲು ಒಳಗಡೆಗೆ ವಾಲುತ್ತದೆಯೇ, ಪಾದದ ಎರಡನೆಯ ಬೆರಳಿನ ನೇರಕ್ಕೆ ನಿಲ್ಲುತ್ತದೆಯೇ? ವಾಲುವವರಲ್ಲಿ ಹಲವರಿಗೆ ಸೊಂಟದ ಪಕ್ಕದ ಸ್ನಾಯುಗಳು ದುರ್ಬಲ. ನೋವು ಮೊಣಕಾಲ ಚಿಪ್ಪಿನಲ್ಲಿ, ಕೊರತೆ ಇನ್ನೆಲ್ಲೋ.

ಚಿಪ್ಪಿನ ಕೆಳಗೆ ಒಂದೇ ಬೆರಳಿಟ್ಟು “ಇಲ್ಲೇ” ಎಂದು ತೋರಿಸುವವರಿಗೆ ಹೆಚ್ಚಾಗಿ ಅಲ್ಲಿನ ಸ್ನಾಯುರಜ್ಜು, ಅಂದರೆ ಸ್ನಾಯುವಿನ ಬಲವನ್ನು ಎಲುಬಿಗೆ ದಾಟಿಸುವ ಗಟ್ಟಿ ಪಟ್ಟಿ, ಸೋತಿರುತ್ತದೆ. ಅದಕ್ಕೆ ಎಣ್ಣೆ ತಿಕ್ಕಿದರೆ ಹಿತವೆನಿಸೀತು, ಬಲ ಬಾರದು. ಗೋಡೆಗೆ ಬೆನ್ನು ಕೊಟ್ಟು, ಕಾಣದ ಕುರ್ಚಿಯಲ್ಲಿ ಕೂತಂತೆ 45 ಸೆಕೆಂಡು ನಿಲ್ಲುವುದು, ಬಿಡುವು ಕೊಟ್ಟು ಮತ್ತೆ ನಿಲ್ಲುವುದು: ಶುರು ಇಷ್ಟೇ. ನೋವು ಹತೋಟಿಗೆ ಬಂದ ಮೇಲೆ ಭಾರ ಹಿಡಿದು ನಿಧಾನವಾಗಿ ಕೂತೇಳುವುದು, ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿ ಮೀನಖಂಡ ಗಟ್ಟಿ ಮಾಡುವುದು, ಕೊನೆಗೆ ಜಿಗಿತ. ಸ್ನಾಯುರಜ್ಜು ಬಲವಾಗಲು ತಿಂಗಳುಗಟ್ಟಲೆ ಬೇಕು. ಅಷ್ಟರತನಕ ಧೀಂಗಿಣ ಅರ್ಧಕ್ಕಿಳಿಯಬೇಕು; ಆ ಪದ್ಯವನ್ನು ಹೆಚ್ಚು ಎಳೆಯಬೇಡಿ ಎಂದು ಹಾಡುವ ಭಾಗವತರಲ್ಲಿ ಮೊದಲೇ ಮಾತಾಡಿಕೊಳ್ಳಲು ಹೇಳುತ್ತೇನೆ. ಸಭೆಯಲ್ಲಿ ಕೂತು ಧೀಂಗಿಣ ಎಣಿಸಿ ಶಿಳ್ಳೆ ಹೊಡೆಯುವವರ ಮೇಲೆ ನನಗೆ ಒಂದಿಷ್ಟು ಸಿಟ್ಟಿದೆ, ಅದಿರಲಿ.

ಭರತನಾಟ್ಯದ ಮಕ್ಕಳದು ಬೇರೆ ಕತೆ. ಶಾಲಾ ಕಲೋತ್ಸವದ ಸ್ಪರ್ಧೆ ಹತ್ತಿರ ಬಂತೆಂದರೆ ವಾರಕ್ಕೆರಡು ದಿನದ ತರಗತಿ ಇದ್ದಕ್ಕಿದ್ದಂತೆ ದಿನವೂ ಮೂರು ಗಂಟೆಯ ಅಭ್ಯಾಸವಾಗುತ್ತದೆ, ಅದೂ ಸಿಮೆಂಟು ನೆಲದ ಮೇಲೆ. ಮೊಣಕಾಲು ಬಾಗಿಸಿ ಅರ್ಧ ಕೂತ ಭಂಗಿಯಾದ ಅರೆಮಂಡಿಯಲ್ಲಿ ಪಾದ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಅಲ್ಲಿ ತಿರುಗದ ಮಗು ಪಾದವನ್ನಷ್ಟೇ ಹೊರಕ್ಕೆ ತಳ್ಳುತ್ತದೆ, ಮೊಣಕಾಲು ತಿರುಚಿಕೊಳ್ಳುತ್ತದೆ. ಮಗುವನ್ನು ಬೋರಲು ಮಲಗಿಸಿ ಕೀಲು ಎಷ್ಟು ತಿರುಗುತ್ತದೆಂದು ನೋಡಿ, “ಇವಳ ಅರೆಮಂಡಿ ಸದ್ಯಕ್ಕೆ ಇಷ್ಟೇ ಅಗಲ, ಟೀಚರಿಗೆ ಹೇಳಿ” ಎನ್ನುತ್ತೇನೆ. ಕೆಲವು ಟೀಚರುಗಳು ಒಪ್ಪುತ್ತಾರೆ. ಕೆಲವರು ತಾಯಿಯ ಹತ್ತಿರ, “ಫಿಸಿಯೋದವರಿಗೆ ನಾಟ್ಯ ಏನು ಗೊತ್ತು?” ಎಂದು ಕೇಳಿ ಕಳಿಸುತ್ತಾರೆ.

ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ನೋವು ಹರಡಿದ್ದರೆ ಅಭ್ಯಾಸ ತಗ್ಗಿಸಿ ಸಂಭಾಳಿಸಬಹುದು. ಒಂದೇ ಚುಕ್ಕೆಯಲ್ಲಿ ಒತ್ತಿದರೆ ಚೀರುವಷ್ಟು ನೋವು, ರಾತ್ರಿಯೂ ನೋವು, ಆ ಕಾಲಲ್ಲಿ ಕುಪ್ಪಳಿಸಲು ಆಗದು ಎಂದರೆ ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. ಆಗ ಕುಣಿತ ನಿಲ್ಲಿಸಿ ಎಲುಬಿನ ಡಾಕ್ಟರರ ಬಳಿಗೆ ಕಳಿಸುತ್ತೇನೆ, ಬಹುಮಾನ ಯಾರದಾದರೂ ಆಗಲಿ. ಎಕ್ಸ್‌ರೇಯಲ್ಲಿ ಆರಂಭದಲ್ಲಿ ಏನೂ ಕಾಣದಿರಬಹುದು, ಅದನ್ನೇ ನಂಬಿ ಮರಳಬೇಡಿ ಎಂದೂ ಹೇಳುತ್ತೇನೆ. ಸರಿಯಾಗಿ ಊಟ ಮಾಡುತ್ತಾಳೆಯೇ, ಮುಟ್ಟು ತಪ್ಪುತ್ತಿದೆಯೇ ಎಂದು ಕೇಳುವುದಿದೆ. ಅಪ್ಪನನ್ನು ಹೊರಗೆ ಕೂರಿಸಿಯೇ ಕೇಳಬೇಕು. ಉಣ್ಣದೆ ಕುಣಿಯುವವರ ಎಲುಬು ಬೇಗ ಸೋಲುತ್ತದೆ.

ಯಕ್ಷಗಾನ ಮೇಳದವರಿಗೆ ಬನ್ನಿ ಎಂದು ನಾನು ಹೇಳುವ ಕಾಲ ಬೇರೆ. ಮೇ ಕೊನೆಯ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದವರು ದೀಪಾವಳಿಯ ಹೊತ್ತಿಗೆ ಮತ್ತೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಕಾಲು ಬಳಸದೆ ಇದ್ದು ಒಮ್ಮೆಗೇ ರಾತ್ರಿಯಿಡೀ ಕುಣಿದರೆ ಮೊದಲ ವಾರಗಳಲ್ಲೇ ಉಳುಕು, ಮೀನಖಂಡದ ಸೆಳೆತ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಬನ್ನಿ ಎಂದರೆ ಬರುವವರು ಕಡಿಮೆ, ಆಗ ನೋವಿರುವುದಿಲ್ಲವಲ್ಲ! ಹಿಂದೆ ಒಮ್ಮೆ ಕಾಲು ಉಳುಕಿದವರನ್ನಂತೂ ಬಿಡುವುದಿಲ್ಲ: ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲಿ, ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ ಎನ್ನುತ್ತೇನೆ. ಸಮತೋಲನ ಪಳಗಿದರೆ ಮತ್ತೆ ಉಳುಕುವುದು ಕಡಿಮೆಯಾಗುತ್ತದೆ.

ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಬಣ್ಣ ಹಚ್ಚಲು ಚಕ್ಕಳಮಕ್ಕಳ ಕೂತವರು ಎದ್ದವರೇ ರಂಗಕ್ಕೆ ಹೋಗಬಾರದು. ಬಣ್ಣ ಮುಗಿದು ವೇಷ ಕಟ್ಟುವ ಮೊದಲು ಹತ್ತು ನಿಮಿಷ ಓಡಾಡಿ, ಕಾಲು ಬೀಸಿ, ಸಣ್ಣ ಜಿಗಿತ ಹಾಕಿ ಮೈ ಬಿಸಿ ಮಾಡಿಕೊಳ್ಳಬೇಕು. ಕಟ್ಟಿದ ಮೇಲೆ ಬಾಗಲೂ ಆಗದು. ಹಿಡಿದು ನಿಲ್ಲುವ ಎಳೆತಗಳೆಲ್ಲ ಆಟ ಮುಗಿದ ಮೇಲೆ.