ಮನೆಯೊಳಗೇ ಹಿಂಸೆಯೇ? ಡಿವಿ ಅರ್ಜಿ ಹಾಕುವುದು ಹೀಗೆ

‘ಕಂಪ್ಲೇಂಟ್ ಕೊಟ್ಟರೆ ಅವರು ಜೈಲಿಗೆ ಹೋಗ್ತಾರೆ, ಆಮೇಲೆ ಮನೆ ನಡೆಸೋರು ಯಾರು?’ ಏಟು ತಿಂದರೂ ಬಾಯಿ ಬಿಡದ ಎಷ್ಟೋ ಹೆಂಗಸರನ್ನು ತಡೆಯುವುದು ಈ ಹೆದರಿಕೆ. ಆದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರಲ್ಲಿ ಮೊದಲ ಗುರಿ ಜೈಲಲ್ಲ. ಹಿಂಸೆ ನಿಲ್ಲಬೇಕು, ಮನೆಯಲ್ಲಿ ಇರಲು ಬಿಡಬೇಕು, ಖರ್ಚಿಗೆ ಕೊಡಬೇಕು ಎಂದು ಕೋರ್ಟಿನಿಂದ ಹೇಳಿಸುವುದೇ ಇದರ ಕೆಲಸ. 2006ರ ಅಕ್ಟೋಬರ್ 26ರಿಂದ ಇದು ಜಾರಿಯಲ್ಲಿದೆ. ಕೋರ್ಟ್ ಆವರಣದಲ್ಲಿ ಎಲ್ಲರೂ ‘ಡಿವಿ (ಡೊಮೆಸ್ಟಿಕ್ ವಯಲೆನ್ಸ್) ಕೇಸ್’ ಎನ್ನುವುದು ಇದಕ್ಕೇ.

ಮೊದಲು, ಇದು ನಿಮಗೆ ಅನ್ವಯಿಸುತ್ತದೆಯೇ ನೋಡಿಕೊಳ್ಳಿ. ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕತಂಗಿ, ಮಗಳು, ವಿಧವೆ ಸೊಸೆ, ಮದುವೆಯಾಗದೆ ಸಂಸಾರ ನಡೆಸುತ್ತಿರುವವರು ಕೂಡ ಅರ್ಜಿ ಹಾಕಬಹುದು. ಹೊಡೆತವೇ ಬಿದ್ದಿರಬೇಕು ಎಂದೇನೂ ಇಲ್ಲ. ಗಂಡುಮಗು ಹೆರಲಿಲ್ಲ ಎಂದು ಹಂಗಿಸುವುದು, ಮನೆಖರ್ಚಿಗೆ ಕೊಡದಿರುವುದು, ಒಡವೆ ಕಿತ್ತುಕೊಳ್ಳುವುದು, ಬಲವಂತದ ಲೈಂಗಿಕತೆ ಎಲ್ಲವೂ ಕಾನೂನಿನ ಪ್ರಕಾರ ದೌರ್ಜನ್ಯವೇ. ಅತ್ತೆ, ನಾದಿನಿಯ ಮೇಲೂ ದೂರು ಹೇಳಬಹುದು. ಕಾಯ್ದೆಯಲ್ಲಿದ್ದ ‘ವಯಸ್ಕ ಪುರುಷ’ ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿದೆ.

ಎರಡನೆಯದು ದಾಖಲೆ. ನನ್ನ ಲೆಕ್ಕದಲ್ಲಿ ಅರ್ಧ ಕೇಸು ಇಲ್ಲೇ ಇದೆ. ‘ದಿನಾ ಹಿಂಸೆ ಕೊಡ್ತಾರೆ’ ಎಂಬ ಒಂದು ಸಾಲಿಗೆ ಕೋರ್ಟಿನಲ್ಲಿ ತೂಕ ಕಡಿಮೆ. ಯಾವ ತಿಂಗಳು, ಯಾವ ಹಬ್ಬದ ಹಿಂದುಮುಂದು, ಏನಾಯಿತು, ಯಾರು ನೋಡಿದರು ಎಂದು ಬರೆದಿಡಿ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾರಣ ಮುಚ್ಚಿಡದೆ ಹೇಳಿ, ಚೀಟಿ ಇಟ್ಟುಕೊಳ್ಳಿ. ‘ಮೆಟ್ಟಿಲಿಂದ ಬಿದ್ದೆ’ ಎಂದು ಬರೆಸಿದ ಚೀಟಿ ಮುಂದೆ ನಿಮಗೇ ಮುಳ್ಳಾಗುತ್ತದೆ. ಮದುವೆ ಫೋಟೊ, ಆಧಾರ್, ಪಾಸ್‌ಬುಕ್, ಒಡವೆಯ ಬಿಲ್ಲು, ಅವರ ಸಂಬಳದ ಸ್ಲಿಪ್ ಸಿಕ್ಕರೆ ಅದರ ಪ್ರತಿ, ಎಲ್ಲವನ್ನೂ ನಂಬಿಕಸ್ಥರ ಮನೆಯಲ್ಲಿಡಿ. ವಾಟ್ಸ್‌ಆ್ಯಪ್ ಬೈಗುಳಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ನಿಮ್ಮ ಫೋನ್ ಅವರ ಕೈಗೂ ಹೋಗುತ್ತದೆ ಎಂದಾದರೆ ಒಂದು ಪ್ರತಿಯನ್ನು ಬೇರೆ ಕಡೆ ಉಳಿಸಿ.

ಇನ್ನು ಯಾರ ಬಳಿ ಹೋಗುವುದು? ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ, ಉಳಿದದ್ದೆಲ್ಲ ಆಮೇಲೆ. ಇಲ್ಲದಿದ್ದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ. ಹೌದು, ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳೂ ಅವರೇ. ಇದು ಗೊತ್ತಿಲ್ಲದೆ ಸ್ಟೇಷನ್ ಬಾಗಿಲಲ್ಲೇ ಸವೆಯುವವರು ಜಾಸ್ತಿ. ಅವರು ನಿಮ್ಮ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆಯಬೇಕು, ಬೇಕಿದ್ದರೆ ವಸತಿಗೃಹ, ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು. ಮಹಿಳಾ ಸಹಾಯವಾಣಿ 181, ಸಖಿ ಕೇಂದ್ರ, ಸಾಂತ್ವನ ಕೇಂದ್ರಗಳೂ ದಾರಿ ತೋರಿಸುತ್ತವೆ. ಪಕ್ಕದ ಮನೆಯವರು ಕೂಡ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಒಳ್ಳೆಯ ಉದ್ದೇಶದಿಂದ ಹೇಳಿದವರ ಮೇಲೆ ಕೇಸು ಬೀಳುವುದಿಲ್ಲ.

ಆ ವರದಿ ಇಲ್ಲದೆಯೂ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಲಂ 12ರ ಅರ್ಜಿ ಹಾಕಬಹುದು. ವರದಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಗಂಡನ ಊರಿನ ಕೋರ್ಟೇ ಆಗಬೇಕಿಲ್ಲ. ತವರಿಗೆ ಬಂದಿದ್ದರೆ ತವರಿನ ಕೋರ್ಟ್ ಸಾಕು, ತಾತ್ಕಾಲಿಕವಾಗಿ ಉಳಿದ ಊರಾದರೂ ನಡೆಯುತ್ತದೆ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಅರ್ಜಿಯಲ್ಲಿ ಏನು ಕೇಳಬೇಕು ಎಂಬುದನ್ನು ಕೂತು ಯೋಚಿಸಿ. ಹತ್ತಿರ ಬರಬಾರದು, ಫೋನ್ ಮಾಡಬಾರದು, ಕೆಲಸದ ಜಾಗಕ್ಕೆ ಕಾಲಿಡಬಾರದು ಎಂಬ ರಕ್ಷಣಾ ಆದೇಶ ಒಂದು. ಜೀವನಾಂಶ, ಚಿಕಿತ್ಸೆಯ ಖರ್ಚು, ಒಡವೆ ವಾಪಸು, ಮಕ್ಕಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು, ಪರಿಹಾರ ಇವೂ ಉಂಟು. ಎಲ್ಲಕ್ಕಿಂತ ದೊಡ್ಡದು ವಾಸದ ಹಕ್ಕು. ‘ಮನೆ ನನ್ನ ಹೆಸರಲ್ಲಿದೆ, ಎದ್ದು ಹೋಗು’ ಎಂದು ಮಾವ ಗದರಿದ ಮಾತ್ರಕ್ಕೆ ಎದ್ದು ಹೋಗಬೇಕಿಲ್ಲ. ಸೊಸೆ ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆಮಾವನ ಹೆಸರಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು ಆಸ್ತಿಯಲ್ಲಿ ಪಾಲು ಬಂತು ಎಂದಲ್ಲ. ಕೋರ್ಟ್ ಎರಡೂ ಕಡೆಯ ಸ್ಥಿತಿ ನೋಡಿ, ಅಷ್ಟೇ ಅನುಕೂಲದ ಬೇರೆ ಮನೆ ಅಥವಾ ಬಾಡಿಗೆ ಕೊಡಿಸಲೂಬಹುದು. ಗಂಡನನ್ನು ಮನೆಯಿಂದ ಹೊರಹೋಗು ಎನ್ನಬಹುದು, ಅತ್ತೆಗೆ ಹಾಗೆ ಹೇಳಲು ಬರುವುದಿಲ್ಲ.

ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ತೀರ್ಮಾನ ಎಂದು ಕಾನೂನಿನಲ್ಲಿದೆ. ಕೋರ್ಟುಗಳ ಕೆಲಸದ ರಾಶಿ ನೋಡಿದರೆ ಇದನ್ನು ನಂಬಿ ಕೂರುವುದು ಬೇಡ. ಅದಕ್ಕೇ ಅರ್ಜಿಯ ಜೊತೆಗೇ ಕಲಂ 23ರಡಿ ಮಧ್ಯಂತರ ಆದೇಶ, ಅಂದರೆ ತೀರ್ಮಾನ ಬರುವವರೆಗಿನ ತಾತ್ಕಾಲಿಕ ಆದೇಶ ಕೇಳಿ. ಪರಿಸ್ಥಿತಿ ತುರ್ತಾಗಿದ್ದರೆ ಎದುರುಕಡೆಯವರನ್ನು ಕೇಳದೆಯೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ವಕೀಲರು ಮರೆತರೂ ನೀವು ನೆನಪಿಸಿ.

ನಡುವೆ ಹಿರಿಯರು ರಾಜಿಗೆ ಕೂರಿಸುತ್ತಾರೆ. ಕೂರಬಹುದು, ಆದರೆ ಅರ್ಜಿ ವಾಪಸು ಪಡೆಯುವುದನ್ನು ಮೊದಲ ಷರತ್ತು ಮಾಡಿದರೆ ಒಪ್ಪಬೇಡಿ.

ಬಿಟ್ಟುಬಂದ ಮೇಲೂ ಬಸ್‌ಸ್ಟಾಪಿನಲ್ಲಿ ಕಾಯುವುದು, ಹೊಸ ಹೊಸ ನಂಬರಿನಿಂದ ಕಾಡುವುದು ಶುರುವಾಯಿತೇ? ‘ಸಂಪರ್ಕಿಸಬೇಡಿ’ ಎಂದು ಒಮ್ಮೆ ಸ್ಪಷ್ಟವಾಗಿ ಮೆಸೇಜ್ ಹಾಕಿ, ಮತ್ತೆ ಉತ್ತರ ಕೊಡಬೇಡಿ. ಬೇಡವೆಂದರೂ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 78ರಡಿ ಅಪರಾಧ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಈಗ ಅದೇ ಸಂಹಿತೆಯ ಕಲಂ 85, ಹಳೆಯ ಐಪಿಸಿಯ 498ಎ ಅದೇ. ಡಿವಿ ಅರ್ಜಿ ಇದ್ದರೂ ಈ ದೂರುಗಳನ್ನು ಕೊಡಬಹುದು.

ಆದೇಶದ ಪ್ರತಿ ನಿಮಗೆ ಉಚಿತ. ಒಂದನ್ನು ಸ್ಟೇಷನ್‌ಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜೀವನಾಂಶ ಕಟ್ಟದಿದ್ದರೆ ಸಂಬಳದಿಂದಲೇ ಕಡಿದು ಕೊಡುವಂತೆ ಕೋರ್ಟ್ ಅವರ ಕಂಪನಿಗೆ ಹೇಳಬಹುದು, ಅದಕ್ಕೆ ಮತ್ತೊಂದು ಅರ್ಜಿ ಹಾಕಿ. ಆದೇಶ ಸರಿಬರಲಿಲ್ಲವೆಂದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿ.