ಮಂಡಿಯ ಕಪ್ಪು ಪರದೆ ಬ್ರೌಸರ್‌ಗೆ ಬಂದಾಗ

ಸಾಗರದ ಒಂದು ಅಡಿಕೆ ಮಂಡಿಯ ಲೆಕ್ಕವೆಲ್ಲ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ, ಕಪ್ಪು ಪರದೆಯ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ಪ್ರೋಗ್ರಾಂನಲ್ಲೇ ನಡೆಯುತ್ತಿತ್ತು. ಹಳೇ ಕಂಪ್ಯೂಟರ್ ಕೆಟ್ಟಿತು. ಹೊಸದರ 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್‌ನ ಡಾಸ್ ಪ್ರೋಗ್ರಾಂ ಓಡುವುದಿಲ್ಲ. ಸದ್ಯಕ್ಕೆ ಹಳೇ ಡಾಸ್ ಪ್ರೋಗ್ರಾಂಗಳನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಹಾಕಿಕೊಟ್ಟು, ಬ್ರೌಸರ್‌ನಲ್ಲಿ ನಡೆಯುವ ಹೊಸದನ್ನು ಬರೆಯಲು ಕೂತೆ.

ಮೊದಲು ಚೆಂದದ ಪುಟ ಮಾಡಿದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಹೀಗೆ ಅಡಿಕೆಯ ಬಗೆ ಎಲ್ಲವನ್ನೂ ಮೌಸ್‌ನಿಂದ ಆರಿಸಿಕೊಳ್ಳಬಹುದಿತ್ತು. ಗುಮಾಸ್ತರು ಅರ್ಧ ಗಂಟೆ ನೋಡಿದರು. "ಮಾರಾಯ, ಕೈ ಮೌಸಿಗೆ ಹೋಗಿ ವಾಪಸ್ ಬರೋದ್ರೊಳಗೆ ನಂದು ಒಂದು ಪಟ್ಟಿ ಮುಗೀತಿತ್ತು" ಅಂದರು. ಪಟ್ಟಿ ಅಂದರೆ ರೈತರ ಮಾಲಿನ ತೂಕ, ದರದ ಲೆಕ್ಕದ ಚೀಟಿ.

ನಿಜ. ಅವರ ಕಣ್ಣು ತೂಕದ ಚೀಟಿಯ ಮೇಲೆ, ಬೆರಳು ನಂಬರ್ ಕೀಗಳ ಮೇಲೆ. 2 ಒತ್ತಿದರೆ ಬೆಟ್ಟೆ. ಎಂಟರ್, ತೂಕ, ಎಂಟರ್, ದರ. ಎರಡು ದಿನ ಸುಮ್ನೆ ಪಕ್ಕದಲ್ಲಿ ಕೂತು, ಯಾವ ಕೀ ಯಾವಾಗ ಒತ್ತುತ್ತಾರೆ ಅಂತ ಬರೆದುಕೊಂಡೆ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಆ ಎರಡು ದಿನ.

ಹಳೇ ಪ್ರೋಗ್ರಾಂನಲ್ಲಿ ಎಫ್5 ಅಂದರೆ ಪಟ್ಟಿ ಪ್ರಿಂಟ್. ಬ್ರೌಸರ್‌ನಲ್ಲಿ ಅದೇ ಎಫ್5 ಪುಟವನ್ನು ಮತ್ತೆ ತೆರೆಯುತ್ತದೆ, ಅಲ್ವಾ? ಮೊದಲ ದಿನವೇ ಒಬ್ಬ ರೈತರ ಅಷ್ಟೂ ಚೀಲದ ತೂಕ ಮಾಯವಾಯಿತು. ಪಾಪ, ಅವರು ಮತ್ತೆ ಕಾಯಬೇಕಾಯಿತು. ಅವತ್ತೇ ಎಫ್5 ಅನ್ನು ಬ್ರೌಸರ್‌ಗೆ ಹೋಗದಂತೆ ಪುಟದಲ್ಲೇ ಹಿಡಿದೆ. ಪ್ರತಿ ಸಾಲೂ ಎಂಟರ್ ಒತ್ತಿದ ಕೂಡಲೇ ಮಂಡಿಯೊಳಗಿನ ಸರ್ವರ್‌ನಲ್ಲೇ ಉಳಿಯುವ ಹಾಗೆ ಮಾಡಿದೆ. ನಮ್ಮ ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ.

ಹಳೇ ಲೆಕ್ಕ ತರುವಾಗ ಇನ್ನೊಂದು ಪೆಟ್ಟು ಬಿತ್ತು. ಫಾಕ್ಸ್‌ಪ್ರೊ ಲೆಕ್ಕ ಇಡುವ ಡಿಬಿಎಫ್ ಫೈಲಿನಲ್ಲಿ ಅಳಿಸಿದ ಸಾಲು ನಿಜಕ್ಕೂ ಹೋಗಿರುವುದಿಲ್ಲ. ಸಾಲಿನ ಮೊದಲಿಗೆ ಒಂದು ನಕ್ಷತ್ರದ ಗುರುತು ಬೀಳುತ್ತದೆ ಅಷ್ಟೇ. ಪ್ಯಾಕ್ ಕಮಾಂಡ್ ಕೊಡುವವರೆಗೂ ಅದು ಅಲ್ಲೇ ಇರುತ್ತದೆ. ನಾನು ಬರೆದ ಕೋಡ್ ಆ ಗುರುತು ನೋಡದೆ, ಅಳಿಸಿದ್ದ ಮುಂಗಡಗಳನ್ನೂ ಎತ್ತಿಕೊಂಡು ಬಂತು. ಖಾತೆ ಖಾತೆಯನ್ನೂ ತಾಳೆ ನೋಡಿದ್ದರಿಂದ ಸಿಕ್ಕಿತು. ಆಮೇಲೆ ಒಂದು ತಿಂಗಳು ಎರಡೂ ಪ್ರೋಗ್ರಾಂ ಜೊತೆಯಲ್ಲೇ ಓಡಿಸಿ, ಸಂಜೆ ಸಂಜೆ ಮೊತ್ತ ಹೋಲಿಸಿದೆವು.

ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅದರ ಸ್ಪೆಲ್ಲಿಂಗ್ ನೋಡಿ ಹೆಗಡೆಯೋ ಹೆಗ್ಡೆಯೋ ಹೇಳುವುದು ಹೇಗೆ? ಗುಮಾಸ್ತರು ಒಂದೊಂದೇ ಹೇಳಿ ಕನ್ನಡದಲ್ಲಿ ಬರೆಸಿದರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಕನ್ನಡ ಚಿತ್ರವಾಗಿ ಅಚ್ಚಾಗುವುದರಿಂದ ನಿಧಾನ. ಮಾಲು ಜಾಸ್ತಿ ಬಂದ ದಿನ ಕಾಯುವವರ ಸಾಲು ಉದ್ದವಾಗುತ್ತದೆ. ಹಾಗಾಗಿ ಆಫೀಸಿನ ಪ್ರತಿ ಮೊದಲಿನಂತೆ ಇಂಗ್ಲಿಷಿನಲ್ಲೇ ಸರಸರ ಬರುತ್ತದೆ. ರೈತರ ಕೈಗೆ ಹೋಗುವ ಪಟ್ಟಿ ಮಾತ್ರ ಕನ್ನಡದಲ್ಲೇ ಇರಬೇಕು ಅಂತ ಹಟ ಹಿಡಿದೆ. ಹಾಗೇ ಇದೆ.